ನೆಲ ಕಚ್ಚಿದ ಸುದ್ದಿ

ಮೈಸೂರು
8 ಸೆಪ್ಟೆಂಬರ್ 2024

ಮಗಳು ಭಾನುಪ್ರಿಯಾಳಿಗೆ,

ನಾನೂ ನಿನ್ನಮ್ಮನೂ ಚೆನ್ನಾಗಿದ್ದೇವೆ. ನನ್ನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಅರ್ಧ ಉಳಿದಿದೆ. ಮೂವತ್ತು ವರ್ಷ ಶಾಮಿಯಾನದ ಪಕ್ಕ ಜನರೇಟರ್ ಸದ್ದಿನಲ್ಲಿ ನಿಂತವನಿಗೆ ಇಷ್ಟು ಉಳಿದಿರುವುದೇ ಹೆಚ್ಚು ಎಂದರು ಡಾಕ್ಟರು. ಕಳೆದ ವಾರ ನೀನು ಫೋನಿನಲ್ಲಿ "ಊಟ ಆಯ್ತಾ" ಎಂದದ್ದು ನನಗೆ "ಊರ್ಗೆ ಬರ್ಲಾ" ಎಂದು ಕೇಳಿಸಿತು. ನಿನ್ನಮ್ಮ ಬೋರಮ್ಮ ಮಾರನೆಯ ದಿನ ಕೋಳಿ ತರಿಸಿ ಕಾದಳು. ಆ ಕೋಳಿಯನ್ನು ನಾವಿಬ್ಬರೇ ತಿಂದೆವು. ಅದಕ್ಕೇ ಇನ್ನು ಮೇಲೆ ಕಾಗದ. ವಾಟ್ಸಾಪ್ ಬೇಡ. ನನ್ನ ಅಕ್ಷರ ಮುತ್ತಿನಂಥದ್ದು ಎಂದು ಎಸ್ಸೆಸ್ಸೆಲ್ಸಿಯಲ್ಲಿ ಮೇಷ್ಟ್ರು ಹೇಳಿದ್ದರು. ಬೆರಳಿನಲ್ಲಿ ಒತ್ತುವ ಅಕ್ಷರಕ್ಕೆ ಅಂಥ ಹೆಸರು ಯಾರು ಕೊಡುತ್ತಾರೆ?

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಟೀ ಅಂಗಡಿಯಲ್ಲಿ ಗುರುಸಿದ್ದಯ್ಯನವರು ಸಿಕ್ಕಿದ್ದರು. ನಿನಗೆ ಏಳನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟ ಮೇಷ್ಟ್ರೇ, ಈಗ ನಮ್ಮ ಬೀದಿ ಸಂಘದ ಅಧ್ಯಕ್ಷರು. ನಾಲ್ಕು ಜನರ ಮುಂದೆ ಕೇಳಿದರು: "ಮಂಟೇಸ್ವಾಮಿ, ನಿನ್ ಮಗಳು ಪುಣೇಲಿ ಅದೇನ್ ಓದ್ತಾವ್ಳೆ?" ನಾನು ಎದೆಯುಬ್ಬಿಸಿ "ಪ್ರೊಟೀನ್ ಮ್ಯಾಲೆ ಸಂಶೋಧನೆ ಸಾ" ಎಂದೆ. ಟೀ ಅಂಗಡಿಯವನು ಸುಮ್ಮನಿರಬಾರದೆ? "ಓ, ಮೊಟ್ಟೆ, ಬೇಳೆ, ಅಂಥದ್ದು" ಎಂದುಬಿಟ್ಟ. ಎಲ್ಲರೂ ತಲೆಯಾಡಿಸಿದರು. ನನ್ನ ಮಗಳು ಮೂರು ವರ್ಷದಿಂದ ಮೊಟ್ಟೆ ನೋಡುತ್ತಿದ್ದಾಳೆ ಎಂದು ಈಗ ಬೀದಿಯೆಲ್ಲ ನಂಬಿದೆ. ನನಗೆ ಬಾಯಿಪಾಠ ಮಾಡಲು ಬರುವಂತೆ ನಾಲ್ಕು ಸಾಲು ಬರೆದು ಕಳಿಸು. ಮರ್ಯಾದೆ ಪ್ರಶ್ನೆ.

ನಿನ್ನ ಅಪ್ಪ,
ಮಂಟೇಸ್ವಾಮಿ

*

ಪುಣೆ
22 ಸೆಪ್ಟೆಂಬರ್ 2024

ಅಪ್ಪ,

ನಿಮ್ಮ ಕಾಗದ ಓದಿ ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ. ನಾಲ್ಕು ಸಾಲಿನಲ್ಲಿ ಮುಗಿಯುವುದಿಲ್ಲ, ಆದರೆ ನಿಮಗೆ ಕಷ್ಟವಾಗಲಾರದು. ಏಕೆಂದರೆ ನಾನು ನೋಡುತ್ತಿರುವುದು ನಿಮ್ಮ ಕೆಲಸವನ್ನೇ.

ನಮ್ಮ ಮೈಯ ಒಂದು ಜೀವಕೋಶವನ್ನು ಶಾಮಿಯಾನ ಅಂದುಕೊಳ್ಳಿ. ಅದಕ್ಕೆ ಹಿಡಿದುಕೊಳ್ಳಲು ಒಂದು ನೆಲ ಬೇಕು. ಹಿಡಿತ ತಪ್ಪಿದರೆ ಬಹಳಷ್ಟು ಕೋಶಗಳು ಬದುಕುವುದೇ ಇಲ್ಲ. ಅದಕ್ಕಾಗಿ ಅಲ್ಲಲ್ಲಿ ಗೂಟ ಹೊಡೆಯುತ್ತವೆ. ಕೋಶದ ಒಳಗಿನ ಹಗ್ಗಗಳು ಬಂದು ಆ ಗೂಟಕ್ಕೆ ಕಟ್ಟಿಕೊಳ್ಳುತ್ತವೆ. ಹಗ್ಗ ಎಳೆದಷ್ಟೂ ಗೂಟ ದಪ್ಪವಾಗುತ್ತದೆ. ಈ ಗುಣ ನಿಮ್ಮ ಕಬ್ಬಿಣದ ಗೂಟಕ್ಕಿಲ್ಲ. ಎಳೆತ ನಿಂತರೆ ಗೂಟ ತಾನಾಗಿ ಬಿಚ್ಚಿ ಚದುರಿಹೋಗುತ್ತದೆ, ಕೋಶ ಮುಂದೆ ಸರಿದು ಬೇರೆ ಕಡೆ ಹೊಸದು ಹೊಡೆಯುತ್ತದೆ. ಅಮ್ಮನ ಕೈ ಸುಟ್ಟ ಗಾಯ ಮಾಯಿತಲ್ಲ, ಅಲ್ಲಿ ಕೋಶಗಳು ಹೀಗೇ ಗೂಟ ಹೊಡೆದು, ಕಿತ್ತು, ನಡೆದುಕೊಂಡು ಬಂದು ಗಾಯ ಮುಚ್ಚಿದ್ದು.

ಈ ಗೂಟ ಒಂದೇ ತುಂಡಲ್ಲ. ನೂರಾರು ಬಗೆಯ ಪ್ರೊಟೀನ್‌ಗಳು ಬಂದು ಸೇರಿ ಆಗುವಂಥದ್ದು. ಟ್ಯಾಲಿನ್, ವಿಂಕುಲಿನ್, ಪ್ಯಾಕ್ಸಿಲಿನ್ ಎಂದೆಲ್ಲ ಹೆಸರು. ನನ್ನ ಪ್ರಶ್ನೆ ಇಷ್ಟೇ: ಇವು ಒಬ್ಬೊಬ್ಬರಾಗಿ ಬಂದು ಗೂಟದ ಜಾಗದಲ್ಲಿ ಕೈ ಹಿಡಿದುಕೊಳ್ಳುತ್ತವೆಯೋ, ಇಲ್ಲ ದಾರಿಯಲ್ಲೇ ಜೋಡಿಯಾಗಿ ಬರುತ್ತವೆಯೋ? ಒಂದಕ್ಕೆ ಹಸಿರು, ಇನ್ನೊಂದಕ್ಕೆ ಕೆಂಪು ಹೊಳೆಯುವಂತೆ ಮಾಡಿ, ಲೇಸರ್ ಬೆಳಕಿನ ಒಂದು ಚುಕ್ಕಿಯ ಮೂಲಕ ಅವು ಹಾದುಹೋಗುವುದನ್ನು ಕಾಯುತ್ತೇನೆ. ಹಸಿರು ಮಿನುಗಿದಾಗಲೆಲ್ಲ ಕೆಂಪೂ ಮಿನುಗಿದರೆ ಅವು ಜೊತೆಗಿವೆ ಎಂದರ್ಥ. ಐದು ಜೋಡಿ ನೋಡಿದೆ. ಐದೂ ಜೊತೆಯಲ್ಲೇ ಬರುತ್ತಿವೆ! ನನ್ನ ಗೈಡ್ ಮಾಲವಿಕಾ ಮೇಡಂ ಇದನ್ನು ಬರುವ ಜೂನ್ ತಿಂಗಳ ದೊಡ್ಡ ಸಮ್ಮೇಳನಕ್ಕೆ ಕಳಿಸಿದ್ದಾರೆ. ಅಲ್ಲಿ ಮಾತಾಡುವವಳು ನಾನು.

ನಿಮ್ಮ ಮಗಳು,
ಭಾನು

*

ಮೈಸೂರು
20 ಅಕ್ಟೋಬರ್ 2024

ಭಾನು,

ದಸರಾ ಮುಗಿದ ಮೇಲೆ ಇವತ್ತು ಬೆನ್ನು ನೆಲಕ್ಕೆ ಹಾಕಿದ್ದೇನೆ. ನಿನ್ನ ಕಾಗದ ಮಡಚಿ ಬಿಚ್ಚಿ ಮಡಿಕೆಯಲ್ಲಿ ಹರಿದುಹೋಯಿತು. ನಿನ್ನಮ್ಮ ಹಿಂದೆ ಟೇಪು ಅಂಟಿಸಿಕೊಟ್ಟಳು.

ನನ್ನ ಮಗಳು ಗೂಟದ ಬಗ್ಗೆ ಡಾಕ್ಟರೇಟ್ ಮಾಡುತ್ತಿದ್ದಾಳೆ ಎಂದು ಟೀ ಅಂಗಡಿಯಲ್ಲಿ ಹೇಳಿದಾಗ ಮೊದಲು ಯಾರೂ ನಂಬಲಿಲ್ಲ. ಗುರುಸಿದ್ದಯ್ಯನವರಿಗೆ ಓದಿ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಅಗ್ರಹಾರದ ಮನೆಗಳ ಮುಂದೆ ಚಪ್ಪರ ಹಾಕಿ, ಊಟದ ಹೊತ್ತಿಗೆ ಗೇಟಿನಾಚೆ ನಿಲ್ಲುತ್ತಿದ್ದವನು ನಾನು. ಆ ಕಸುಬಿನ ಮಾತಿನಲ್ಲಿ ನನ್ನ ಮಗಳು ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಪಾಠ ಹೇಳುತ್ತಾಳೆ ಎಂದರೆ ನನಗೆ ಎಷ್ಟು ಹೆಮ್ಮೆಯಾಗಬೇಡ. ಆಗಿದೆ. ಮುಚ್ಚುಮರೆ ಏಕೆ?

ಆದರೆ ಒಂದು ಹೇಳುತ್ತೇನೆ. ಗೂಟ ಹೊಡೆದ ಮಾತ್ರಕ್ಕೆ ಕೆಲಸ ಆಗಲಿಲ್ಲ. ಈ ಸಲ ಮಳೆಗೆ ನೆಲ ಕೆಸರಾಗಿತ್ತು. ಹೊಡೆದ ಗೂಟವನ್ನು ನಾನೇ ಒಂದೊಂದಾಗಿ ಕಾಲಿನಲ್ಲಿ ಒದ್ದು ನೋಡುತ್ತೇನೆ. ಅಲುಗದಿದ್ದರೆ "ನೆಲ ಕಚ್ತು!" ಎಂದು ಕೂಗುತ್ತೇನೆ. ಆ ಮಾತು ನನ್ನ ಬಾಯಿಂದ ಬಂದ ಮೇಲೆಯೇ ನಮ್ಮವರು ಬಟ್ಟೆ ಮೇಲೆತ್ತುವುದು. ಅಲ್ಲಿಯವರೆಗೆ ಮದುವೆ ಗಂಡೇ ಬಂದು ನಿಂತರೂ ಎತ್ತುವುದಿಲ್ಲ. ನಿನ್ನ ಗೂಟವೂ ಚೆನ್ನಾಗಿ ನೆಲ ಕಚ್ಚಲಿ.

ನಿನ್ನ ಅಪ್ಪ,
ಮಂಟೇಸ್ವಾಮಿ ಮೇಸ್ತ್ರಿ

*

ಪುಣೆ
12 ಜನವರಿ 2025

ಅಪ್ಪ,

ಹೆಚ್ಚು ಬರೆಯಲಾರೆ. ಮೂರು ವರ್ಷದ ನನ್ನ ಕೆಲಸ ನಿನ್ನೆ ಪೂರ್ತಿಯಾಗಿ ನೆಲ ಕಚ್ಚಿತು. ಐದಕ್ಕೆ ಐದೂ ಜೋಡಿ. ನಿನ್ನೆಯಿಂದ ಊಟ ಸೇರುತ್ತಿಲ್ಲ, ಕಣ್ಣೀರು ನಿಲ್ಲುತ್ತಿಲ್ಲ. ಮಾಲವಿಕಾ ಮೇಡಂಗೂ ಇನ್ನೂ ಹೇಳಿಲ್ಲ. ಮೊದಲು ನಿಮಗೇ ಹೇಳಬೇಕು ಅನ್ನಿಸಿತು. ಅಮ್ಮನಿಗೆ ನೀವೇ ನಿಧಾನವಾಗಿ ತಿಳಿಸಿ.

ಭಾನು

*

ಮೈಸೂರು
27 ಜನವರಿ 2025

ನನ್ನ ಬಂಗಾರದಂಥ ಮಗಳೇ,

ನೆಲ ಕಚ್ಚಿತು! ಐದಕ್ಕೆ ಐದೂ! ನಿನ್ನ ಕಾಗದ ಓದಿ ನಾನು ಬಾಗಿಲಲ್ಲೇ ಕುಳಿತುಬಿಟ್ಟೆ. ನಿನಗೆ ಊಟ ಸೇರದಿದ್ದರೆ ಆಶ್ಚರ್ಯವೇನು, ನನಗೂ ಎರಡು ದಿನ ಸೇರಲಿಲ್ಲ. ಬಿಪಿ ಇರುವವರಿಗೆ ಸಂತೋಷವನ್ನೂ ಮೆಲ್ಲಗೆ ಹೇಳಬೇಕು ಎಂದು ನಿನಗೆ ನೆನಪಾಯಿತಲ್ಲ, ಜಾಣೆ. ನಿನ್ನಮ್ಮನನ್ನು ಕೂರಿಸಿ, ನೀರು ಕುಡಿಸಿ, ಆಮೇಲೆ ಹೇಳಿದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗೈಡಿಗಿಂತ ಮೊದಲು ಅಪ್ಪನಿಗೆ ಹೇಳಿದೆಯಲ್ಲ, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಬೀದಿಗೆಲ್ಲ ಜಿಲೇಬಿ ಹಂಚಿದೆ. ಗುರುಸಿದ್ದಯ್ಯನವರು ಆ ಸಂಜೆಯೇ ಸಂಘದ ಸಭೆ ಕರೆದರು. ಏಪ್ರಿಲ್ ಹದಿನಾಲ್ಕರ ಜಯಂತಿಯ ದಿನ, ವೇದಿಕೆಯ ಮೇಲೆ ನಿನಗೆ ಸನ್ಮಾನ. ಶಾಲು, ಹಾರ, ಫಲಕ. ನಿನ್ನೆ ಗಣರಾಜ್ಯೋತ್ಸವಕ್ಕೆ ಮೂಲೆಯಲ್ಲಿ ಫ್ಲೆಕ್ಸ್ ಬ್ಯಾನರ್ ಕೂಡ ಎದ್ದಿದೆ: "ವಿಶ್ವವಿಖ್ಯಾತ ವಿಜ್ಞಾನಿ, ನಮ್ಮ ಬೀದಿಯ ಹೆಮ್ಮೆಯ ಪುತ್ರಿ ಕುಮಾರಿ ಭಾನುಪ್ರಿಯಾ". ನಿನ್ನ ಫೋಟೋ ನಡುವೆ ಇದೆ. ಸುತ್ತ ಸಂಘದ ಹದಿನೆಂಟು ಜನರ ಫೋಟೋ ನಿನ್ನದಕ್ಕಿಂತ ದೊಡ್ಡದಾಗಿದೆ, ಅದಕ್ಕೆ ನೀನು ಬೇಸರ ಮಾಡಿಕೊಳ್ಳಬೇಡ. ಕಟ್ಟಿದವನು ನಾನೇ. ಬಿರುಗಾಳಿ ಬಂದರೂ ಬೀಳದು.

ಹಿಗ್ಗಿ ಹೀರೇಕಾಯಿಯಾಗಿರುವ ನಿನ್ನ ಅಪ್ಪ

*

ಪುಣೆ
9 ಫೆಬ್ರವರಿ 2025

ಅಪ್ಪ,

ಹೇಗೆ ಬರೆಯಲಿ? ನಾಲ್ಕು ದಿನದಿಂದ ಬರೆದು ಹರಿದುಹಾಕುತ್ತಿದ್ದೇನೆ.

ನೀವು ತಪ್ಪು ತಿಳಿದಿದ್ದೀರಿ. ತಪ್ಪು ನನ್ನದೇ. ನೆಲ ಕಚ್ಚಿತು ಎಂದದ್ದು ನಿಮ್ಮ ಕಸುಬಿನ ಅರ್ಥದಲ್ಲಲ್ಲ. ಪೇಪರಿನಲ್ಲಿ ಸಿನಿಮಾ ನೆಲ ಕಚ್ಚಿತು ಎಂದು ಬರೆಯುತ್ತಾರಲ್ಲ, ಆ ಅರ್ಥದಲ್ಲಿ. ನನ್ನ ಪ್ರಯೋಗ ಸೋತಿದೆ.

ಆ ದಿನ ಕೆಂಪು ಬಣ್ಣವೇ ಹಾಕದ, ಬರೀ ಹಸಿರು ಇರುವ ಕೋಶವನ್ನು ಇಟ್ಟು ನೋಡಿದೆ. ಅಲ್ಲೂ ಯಂತ್ರ ಕೆಂಪು ಮಿನುಗಿತು ಎಂದು ತೋರಿಸಿತು. ಹಸಿರಿನ ಬೆಳಕೇ ಸ್ವಲ್ಪ ಸ್ವಲ್ಪ ಸೋರಿ ಕೆಂಪನ್ನು ಎಣಿಸುವ ಕಡೆಗೆ ಬೀಳುತ್ತಿತ್ತು. ಒಬ್ಬರು ಹಾದುಹೋದರೂ ಯಂತ್ರ ಇಬ್ಬರು ಹೋದರು ಎಂದು ಬರೆದುಕೊಂಡಿದೆ. ಬೆಳಕು ಸೋಸುವ ಗಾಜನ್ನು ಎರಡು ವರ್ಷದ ಹಿಂದೆ ಬದಲಿಸಿದ್ದೆವು, ಐದೂ ಜೋಡಿ ಅಳೆದದ್ದು ಅದಾದ ಮೇಲೆಯೇ. ಬದಲಿಸಿದ ದಿನವೇ ಇದನ್ನು ಪರೀಕ್ಷೆ ಮಾಡಬೇಕಿತ್ತು. ಮಾಡಿದ್ದೇನೆ ಎಂದೇ ನಂಬಿಕೊಂಡಿದ್ದೆ. ಲ್ಯಾಬಿನ ದಾಖಲೆ ಪುಸ್ತಕ ತೆಗೆದು ನೋಡಿದರೆ ಮಾಡಿಲ್ಲ.

ಇನ್ನೂ ಒಂದು ಹೇಳಬೇಕು, ಇದು ಹೆಚ್ಚು ನಾಚಿಕೆಯದು. ನಿಮ್ಮ ಕಾಗದ ಬರುವ ಮೊದಲು, ನಾಳೆ ಮೇಡಂಗೆ ಹೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ. ನಿಮ್ಮ ಕಾಗದ ಓದಿದ ಮೇಲೆ, ಹೇಳುವುದೇ ಬೇಡ ಅನ್ನಿಸಿಬಿಟ್ಟಿದೆ. ಸೋರಿಕೆ ನನ್ನೊಬ್ಬಳಿಗೇ ಗೊತ್ತು. ಜೂನಿನಲ್ಲಿ ಮಾತಾಡಿ ಚಪ್ಪಾಳೆ ತಗೊಳ್ಳಬಹುದು. ಏಪ್ರಿಲ್‌ನಲ್ಲಿ ನಿಮ್ಮ ಪಕ್ಕ ಶಾಲು ಹೊದ್ದು ನಿಲ್ಲಬಹುದು. ನಮ್ಮ ಬೀದಿಯಲ್ಲಿ ಯಾರಿಗೆ ತಿಳಿಯುತ್ತದೆ? ಅಮ್ಮ ಅತ್ತದ್ದನ್ನು ವಾಪಸ್ ತಗೊಳ್ಳಿ ಎಂದು ಹೇಗೆ ಹೇಳಲಿ? ನಿಮ್ಮನ್ನು ತಲೆ ತಗ್ಗಿಸುವಂತೆ ಮಾಡಲು ನನಗೆ ಧೈರ್ಯವಿಲ್ಲ ಅಪ್ಪ. ಏನು ಮಾಡಲಿ, ನೀವೇ ಹೇಳಿ.

ಭಾನು

*

ಮೈಸೂರು
24 ಫೆಬ್ರವರಿ 2025

ಭಾನು,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದ. ಮೊದಲು ನಿನ್ನ ಮೇಲೆ. ಆಮೇಲೆ ನನ್ನ ಮೇಲೆ. ನೆಲ ಕಚ್ಚುವುದರ ಇನ್ನೊಂದು ಅರ್ಥ ನನಗೂ ಗೊತ್ತು ಕಣವ್ವ, ದಿನಾ ಪೇಪರ್ ಓದುವವನು ನಾನು. ಆದರೆ ಗೂಟದ ಮಾತಾಡುತ್ತಿದ್ದ ಮಗಳ ಕಾಗದದಲ್ಲಿ ಆ ಅರ್ಥ ನನ್ನ ಹತ್ತಿರಕ್ಕೂ ಸುಳಿಯಲಿಲ್ಲ. ಓದಬೇಕು ಅನ್ನಿಸಿದ್ದನ್ನು ಓದಿಕೊಂಡೆ.

ಗುರುಸಿದ್ದಯ್ಯನವರ ಮನೆಗೆ ಹೋಗಿ ಗುಟ್ಟಾಗಿ ಹೇಳಿದೆ. ಅವರು "ಬುಡಪ್ಪ ಮಂಟೇಸ್ವಾಮಿ. ಇವತ್ತಲ್ಲ ನಾಳೆ ಗೆಲ್ತಾಳೆ. ನಮ್ ಮಕ್ಕಳ ಹೆಸ್ರು ಬ್ಯಾನರ್ ಮ್ಯಾಲೆ ಬರೋದೇ ಅಪರೂಪ. ಇಳಿಸ್ಬ್ಯಾಡ" ಎಂದರು. ಕೆಟ್ಟವರಲ್ಲ ಅವರು. ನನಗೂ ಅದೇ ಸರಿ ಅನ್ನಿಸಿತು. ನಿನಗೆ ಸುಮ್ಮನಿರು ಎಂದು ಬರೆಯಲು ಪೆನ್ನು ಹಿಡಿದು ಕುಳಿತೆ. ಬರೆಯಲು ಆಗಲಿಲ್ಲ. ಏಕೆ ಆಗಲಿಲ್ಲ ಎಂದು ಹೇಳುತ್ತೇನೆ. ಇದು ನಿನ್ನಮ್ಮನಿಗೂ ಗೊತ್ತಿಲ್ಲ.

1999ರಲ್ಲಿ, ನಿನಗೆ ಎರಡು ವರ್ಷ, ಚಾಮರಾಜಪುರಂನಲ್ಲಿ ಒಂದು ಮದುವೆ. ನಾನು ಮೇಸ್ತ್ರಿಯಾಗಿ ಹೋದ ಮೊದಲ ಶಾಮಿಯಾನ. ನನ್ನ ಜೊತೆ ರಾಮಯ್ಯ ಎಂಬುವನಿದ್ದ, ನನಗಿಂತ ಹಳೆಯ ಕೆಲಸಗಾರ. ಮೂಲೆಯಲ್ಲಿ ಹಳೆಯ ಮೋರಿ ಮುಚ್ಚಿದ್ದ ಜಾಗ. "ಮಣ್ಣು ಸಡ್ಲ ಐತೆ ಕಣೋ, ಆ ಕಡೆ ಹೊಡಿ" ಎಂದ. ಮೇಸ್ತ್ರಿ ನಾನೋ ನೀನೋ ಎಂದೆ. ನಾನೇ ಹೊಡೆದೆ. ಒದ್ದು ನೋಡಲಿಲ್ಲ. ಎರಡನೇ ಪಂಕ್ತಿ ಊಟಕ್ಕೆ ಎಲೆ ಹಾಕಿದಾಗ ಗಾಳಿ ಬಂತು, ಆ ಮೂಲೆ ಕುಸಿಯಿತು. ಕಂಬ ಬಿದ್ದು ಒಬ್ಬ ಅಜ್ಜಿಯ ತೋಳು ಮುರಿಯಿತು. ಶಾಮಿಯಾನದ ಸಾಹುಕಾರರು ಓಡಿಬಂದು "ಯಾವನು ಈ ಗೂಟ ಹೊಡೆದದ್ದು?" ಎಂದು ಕೂಗಿದರು. ನಾನು ರಾಮಯ್ಯನ ಕಡೆ ನೋಡಿದೆ. ಅಷ್ಟೇ. ಒಂದು ಮಾತೂ ಆಡಲಿಲ್ಲ. ಅವನೂ ಆಡಲಿಲ್ಲ. ಮಾರನೆಯ ದಿನದಿಂದ ಅವನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಈಗ ಅವನು ಬೋಗಾದಿಯಲ್ಲಿ ಯಾರದೋ ಕಟ್ಟಡ ಕಾಯುತ್ತಾನೆ. ದಾರಿಯಲ್ಲಿ ಸಿಕ್ಕರೆ "ಏನಪ್ಪ ಮೇಸ್ತ್ರಿ, ಚೆಂದಾಕಿದ್ದೀಯಾ?" ಎಂದು ಕೇಳುತ್ತಾನೆ. ಆ ಮೇಸ್ತ್ರಿ ಎಂಬ ಮಾತು ಕೇಳಿದಾಗಲೆಲ್ಲ ನಾನು ಏನೋ ಕೆಲಸದ ನೆಪ ಹೇಳಿ ದಾರಿ ಬದಲಿಸುತ್ತೇನೆ. ಅಂದಿನಿಂದಲೇ ನಾನು ಪ್ರತಿ ಗೂಟ ಒದ್ದು ನೋಡುವುದು. ಜನ ಅದನ್ನು ನನ್ನ ಶಿಸ್ತು ಎಂದುಕೊಂಡಿದ್ದಾರೆ.

ಈ ಸಂಕಟ ನಿನಗೆ ಬೇಡ ಮಗಳೇ. ನೀನು ಅಲ್ಲಿ ಹೇಳು. ನಾನು ಇಲ್ಲಿ ಹೇಳುತ್ತೇನೆ.

ನಿನ್ನ ಅಪ್ಪ

*

ಪುಣೆ
2 ಏಪ್ರಿಲ್ 2025

ಅಪ್ಪ,

ನಿಮ್ಮ ಕಾಗದ ಬಂದದ್ದು ಮಾರ್ಚ್ ಒಂದಕ್ಕೆ. ಮೂರನೇ ತಾರೀಖು ಸೋಮವಾರ ಬೆಳಿಗ್ಗೆ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ. ತಿಳಿದು ಏಳು ವಾರವಾಯಿತು, ಹೇಳಲು ಭಯವಾಗಿತ್ತು ಎಂಬುದನ್ನೂ ಹೇಳಿದೆ. ಅವರು "ಏಳು ವಾರ ಯಾಕೆ ಕಾದೆ?" ಎಂದು ಮಾತ್ರ ಕೇಳಿದರು. ನನ್ನೆದುರೇ ಕೂತು ಸಮ್ಮೇಳನದವರಿಗೆ ಭಾಷಣ ರದ್ದು ಮಾಡುವಂತೆ ಬರೆದರು. ಆಮೇಲೆ ಎದ್ದು ನಿಂತು, "ಬಾ, ಸೋರಿದ್ದೆಷ್ಟು ಅಂತ ಅಳೆಯೋಣ" ಎಂದರು. ಬಾಗಿಲಾಚೆ ಬಂದ ಮೇಲೆ ನನಗೆ ಜೋರಾಗಿ ಹಸಿವಾಯಿತು. ಜನವರಿಯಿಂದ ಸರಿಯಾಗಿ ಹಸಿದೇ ಇರಲಿಲ್ಲ.

ಒಂದು ತಿಂಗಳು ಇಬ್ಬರೂ ಕೂತು ಸೋರಿಕೆ ಕಳೆದು ಲೆಕ್ಕ ಹಾಕಿದೆವು. ನಾಲ್ಕು ಜೋಡಿ ಕರಗಿಹೋದವು. ಅವು ಒಬ್ಬೊಬ್ಬರಾಗಿಯೇ ಓಡಾಡುತ್ತಿವೆ, ಗೂಟದ ಹತ್ತಿರ ಬಂದ ಮೇಲೆ ಕೈ ಹಿಡಿಯುತ್ತವೆ. ಆದರೆ ಅಪ್ಪ, ಒಂದು ಜೋಡಿ ಉಳಿದಿದೆ. ಎಷ್ಟು ಕಳೆದರೂ ಉಳಿದಿದೆ. ಆ ಎರಡು ಪ್ರೊಟೀನ್‌ಗಳು ಗೂಟ ಇನ್ನೂ ದೂರವಿರುವಾಗಲೇ ಜೊತೆಯಾಗಿ ಬರುತ್ತಿರುವಂತೆ ಕಾಣುತ್ತದೆ. ಹೊಸ ಕೋಶ ಬೆಳೆಸಿ, ಬಣ್ಣ ಅದಲುಬದಲು ಮಾಡಿ, ಇನ್ನೂ ಮೂರು ಸಲ ನೋಡುವವರೆಗೆ ಯಾರಿಗೂ ಹೇಳಕೂಡದು ಎಂದಿದ್ದಾರೆ ಮೇಡಂ. ನೀವೂ ಯಾರಿಗೂ ಹೇಳಬೇಡಿ. ಟೀ ಅಂಗಡಿಯಲ್ಲಂತೂ ಖಂಡಿತ ಬೇಡ.

ಕೋಶಗಳನ್ನು ಬಿಟ್ಟು ಹದಿನಾಲ್ಕಕ್ಕೆ ಬರಲಾಗುವುದಿಲ್ಲ. ನಿಮ್ಮೊಬ್ಬರನ್ನೇ ಆ ವೇದಿಕೆಗೆ ಕಳಿಸುತ್ತಿದ್ದೇನೆ, ಅದಕ್ಕೆ ಕ್ಷಮಿಸಿ. ರಾಮಯ್ಯ ಮಾವನ ವಿಷಯ ಓದಿದ ಮೇಲೆ ನಿಮ್ಮ ಮೇಲಿನ ಗೌರವ ಕಡಿಮೆಯಾಗಿಲ್ಲ. ಇದನ್ನು ಬರೆದು ಹೇಳಬೇಕು ಅನ್ನಿಸಿತು.

ನಿಮ್ಮ ಮಗಳು,
ಭಾನು

*

ಮೈಸೂರು
16 ಏಪ್ರಿಲ್ 2025

ಭಾನು,

ಮೊನ್ನೆ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹದಿಮೂರಕ್ಕೆ ಬೋಗಾದಿಗೆ ಹೋಗಿ ರಾಮಯ್ಯನನ್ನು ಕಂಡೆ. "ನಾಳೆ ನಮ್ ಬೀದೀಗ್ ಬಾ, ಒಂದ್ ಮಾತ್ ಐತೆ" ಎಂದಷ್ಟೇ ಹೇಳಿದೆ. ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದ. ಮಾಲಾರ್ಪಣೆ ಆಯಿತು, ಭಾಷಣಗಳಾದವು. ನಿನ್ನ ಹೆಸರು ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ನಾನು ಮೇಲೆ ಹತ್ತಿ ಮೈಕು ಹಿಡಿದೆ. ಎಷ್ಟೋ ಸಾವಿರ ವೇದಿಕೆ ಕಟ್ಟಿದ್ದೇನೆ, ಒಂದರ ಮೇಲೂ ನಿಂತು ಮಾತಾಡಿದವನಲ್ಲ.

"ನನ್ ಮಗಳು ಗೆದ್ದವ್ಳೆ ಅಂತ ಊರಿಗೆಲ್ಲ ಸಾರ್ದೋನು ನಾನು. ನಾನು ತಪ್ಪಾಗ್ ಓದ್ಕೊಬುಟ್ಟೆ. ಅವ್ಳ ಪ್ರಯೋಗ ಸೋತೈತೆ. ಸೋತೈತೆ ಅಂತ ಕಂಡಿಡ್ದೋಳೂ ಅವ್ಳೇ, ಹೋಗಿ ಹೇಳ್ದೋಳೂ ಅವ್ಳೇ. ಹೇಳ್ದೆ ಇದ್ದಿದ್ರೆ ಯಾರ್ಗೂ ತಿಳೀತಿರ್ಲಿಲ್ಲ" ಎಂದೆ.

ಚಪ್ಪಾಳೆ ನಿಂತಿತು. ಎಲ್ಲೋ ಒಬ್ಬ ನಕ್ಕದ್ದು ಕಾಣಿಸಿತು, ಕೇಳಿಸಲಿಲ್ಲ, ಪುಣ್ಯ. ಗುರುಸಿದ್ದಯ್ಯನವರು ಹತ್ತಿರ ಬಂದು ಬಲಗಿವಿಯ ಬಳಿ ಬಾಯಿಟ್ಟು, "ಒಂದಾದ್ರೂ ಒಳ್ಳೇ ಮಾತಿದ್ರೆ ಹೇಳ್ಬುಡಪ್ಪ, ಮಕ್ಕಳು ಕೂತವ್ರೆ" ಎಂದರು. ನಿನ್ನ ಕಾಗದ ನನ್ನ ಜೇಬಿನಲ್ಲೇ ಇತ್ತು. ಒಂದು ಜೋಡಿ ಉಳಿದಿದೆ ಎಂದು ಒಂದು ಮಾತು ಅಂದಿದ್ದರೆ ಸಾಕು, ತಲೆಯೆತ್ತಿ ಇಳಿಯಬಹುದಿತ್ತು. ನಾಲಿಗೆಯ ತುದಿಗೆ ಬಂತು. ಯಾರಿಗೂ ಹೇಳಬೇಡಿ ಎಂದು ನೀನು ಬರೆದಿದ್ದೆ. ನುಂಗಿಕೊಂಡೆ. ಬಾಯಿಗೆ ಬಂದ ಹೊಗಳಿಕೆಯನ್ನು ನಿನ್ನಪ್ಪ ನುಂಗಿದ್ದು ಅದೇ ಮೊದಲು, ಬೇಕಾದರೆ ನಿನ್ನಮ್ಮನನ್ನು ಕೇಳು.

ಅದರ ಬದಲು ಚಾಮರಾಜಪುರಂನ ಗೂಟದ ಕಥೆ ಹೇಳಿದೆ. ಹೊಡೆದವನು ನಾನು, ಕೆಲಸ ಕಳೆದುಕೊಂಡವನು ರಾಮಯ್ಯ ಎಂದೆ. ಅವನ ಕಡೆ ಕೈ ತೋರಿಸಿದೆ. ಈ ಸಲ ಸರಿಯಾದ ಕಾರಣಕ್ಕೆ. ನಿನ್ನಮ್ಮ ಎದ್ದು ನಿಂತಿದ್ದಳು.

ರಾಮಯ್ಯ ನಿಧಾನವಾಗಿ ನಡೆದು ವೇದಿಕೆಯ ಮುಂದೆ ಬಂದ. ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ಬಗ್ಗಿ "ಏನು?" ಎಂದೆ. ಮತ್ತೆ ಹೇಳಿದ, ಆಗಲೂ ಕೇಳಿಸಲಿಲ್ಲ. ಕೊನೆಗೆ ನನ್ನ ಕೈಯಿಂದ ಮೈಕು ಕಿತ್ತುಕೊಂಡು ಬೀದಿಗೆಲ್ಲ ಕೇಳುವಂತೆ ಕೂಗಿದ: "ಗೊತ್ತಿತ್ತು ಕಣೋ! ನಂಗೇನ್ ಗೊತ್ತಿಲ್ವಾ? ನೀನೇ ಹೇಳ್ಲಿ ಅಂತ ಸುಮ್ಕಿದ್ದೆ!" ಆಮೇಲೆ ನನ್ನ ಭುಜ ಹಿಡಿದುಕೊಂಡು ಅತ್ತ. ನಾನೂ ಅತ್ತೆ. ತಂದಿದ್ದ ಶಾಲು ಏನು ಮಾಡುವುದೆಂದು ತಿಳಿಯದೆ ಗುರುಸಿದ್ದಯ್ಯನವರು ಅದನ್ನು ಹಿಡಿದುಕೊಂಡೇ ನಿಂತಿದ್ದರು. ನಿನ್ನಮ್ಮ ಹೋಗಿ ಅವರ ಕೈಯಿಂದ ಅದನ್ನು ತೆಗೆದುಕೊಂಡು ರಾಮಯ್ಯನಿಗೆ ಹೊದಿಸಿದಳು.

ನಾನು ಹೇಳಲು ಇಪ್ಪತ್ತಾರು ವರ್ಷ ಬೇಕಾಯಿತು. ನಿನಗೆ ಏಳು ವಾರ. ನಿನ್ನ ಮೇಡಂ ಏಳು ವಾರ ಯಾಕೆ ಎಂದು ಕೇಳಿದರಲ್ಲ, ಅವರಿಗೆ ಈ ಲೆಕ್ಕ ತೋರಿಸು. ನೀನು ಗೆದ್ದೆ ಎಂದು ತಿಳಿದ ದಿನ ನನಗೆ ಆಗಿದ್ದ ಹೆಮ್ಮೆ ಇವತ್ತಿನದರ ಮುಂದೆ ಏನೂ ಅಲ್ಲ.

ಮಾರನೆಯ ದಿನ ಬ್ಯಾನರ್ ಇಳಿಸಲು ಹೋದರೆ ರಾಮಯ್ಯ ಏಣಿ ಹಿಡಿದುಕೊಳ್ಳಲು ಬೋಗಾದಿಯಿಂದ ಬಂದಿದ್ದ. ಭಾನುವಾರ ಊಟಕ್ಕೆ ಕರೆದಿದ್ದೇವೆ. ನಿನ್ನ ಆ ಒಂದು ಜೋಡಿಯ ವಿಷಯ ಅವನಿಗೂ ಹೇಳಿಲ್ಲ, ನಿನ್ನಮ್ಮನಿಗೂ ಹೇಳಿಲ್ಲ. ಟೀ ಅಂಗಡಿಯ ಮುಂದೆ ಹೋಗುವಾಗ ಬಾಯಿಗೆ ಎಲೆಯಡಿಕೆ ತುಂಬಿಕೊಂಡು ಹೋಗುತ್ತಿದ್ದೇನೆ. ಆ ಮೂರು ಸಲ ಬೇಗ ನೋಡಿ ಮುಗಿಸು ಮಗಳೇ, ನನ್ನಿಂದ ತಡೆಯಲು ಆಗುತ್ತಿಲ್ಲ.

ನಿನ್ನ ಅಪ್ಪ,
ಮಂಟೇಸ್ವಾಮಿ